ಮಾತೃಋಣದ ಲೆಕ್ಕ

ಮನುಷ್ಯನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತುಕೊಂಡು ಬರುತ್ತಾನೆಂಬುದು ನಮ್ಮ ಹಿರಿಯರು ನಂಬಿಕೊಂಡು ಬಂದ ಮಾತು. ತೈತ್ತಿರೀಯ ಸಂಹಿತೆಯಲ್ಲಿ ಬ್ರಾಹ್ಮಣನನ್ನು ಕುರಿತು ಹೇಳಿದ ಈ ಮಾತು ಕಾಲಕ್ರಮದಲ್ಲಿ ಎಲ್ಲರಿಗೂ ಸಲ್ಲುವ ಮಾತಾಯಿತು. ಅಧ್ಯಯನದಿಂದ ಋಷಿಋಣ, ಯಜ್ಞದಿಂದ ದೇವಋಣ, ಸಂತಾನದಿಂದ ಪಿತೃಋಣ, ಹೀಗೆ ಸಾಲ ಯಾರದೆಂಬುದೂ ಅದು ತೀರುವ ಬಗೆ ಯಾವುದೆಂಬುದೂ ಅಲ್ಲಿ ಸ್ಪಷ್ಟವಾಗಿವೆ. ಮಹಾಭಾರತದ ಆದಿಪರ್ವವು ಮನುಷ್ಯಋಣವನ್ನೂ ಸೇರಿಸಿ ನಾಲ್ಕೆಂದು ಎಣಿಸುತ್ತದೆ. ಆದರೆ ಎಷ್ಟು ಹುಡುಕಿದರೂ ಈ ಪಟ್ಟಿಯಲ್ಲಿ ಮಾತೃಋಣವೆಂಬ ಬೇರೊಂದು ಶೀರ್ಷಿಕೆ ನನಗೆ ಕಾಣಲಿಲ್ಲ.

ಬ್ಯಾಂಕಿನ ಗುಮಾಸ್ತಿಕೆಯಲ್ಲಿ ಇಪ್ಪತ್ತು ವರುಷ ಸವೆಸಿದವನಿಗೆ ಇಂತಹ ಸಂಗತಿ ಕಣ್ಣಿಗೆ ಬೀಳದಿರದು. ಖಾತೆಪುಸ್ತಕದಲ್ಲಿ ನಮೂದಾಗದ ಸಾಲ ಎಂದರೆ ಏನರ್ಥ? ಪಿತೃಗಳೆಂಬ ಮಾತಿನಲ್ಲೇ ತಾಯಿಯೂ ಸೇರಿದ್ದಾಳೆ ಎಂದು ಪಂಡಿತರು ಸಮಾಧಾನ ಹೇಳುವುದುಂಟು. ತಾಯಿಯ ಋಣ ಎಂದೆಂದಿಗೂ ತೀರದುದು, ಆದ್ದರಿಂದಲೇ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ ಎಂದು ಹರಿಕಥೆಯ ದಾಸರು ಹೇಳುವುದನ್ನೂ ಕೇಳಿದ್ದೇನೆ. ಎರಡನೆಯ ಮಾತು ಕಿವಿಗೆ ಬಹಳ ಇಂಪು. ಸಭೆಯಲ್ಲಿ ಕೂತವರ ಕಣ್ಣು ಒದ್ದೆಯಾಗುತ್ತದೆ. ಆದರೂ ನನ್ನ ಮನಸ್ಸು ಅದನ್ನು ಪೂರ್ತಿ ಒಪ್ಪಿಕೊಂಡಿಲ್ಲ. ತೀರಿಸಲಾಗದ ಸಾಲ ಎಂದು ಒಮ್ಮೆ ಬರೆದಿಟ್ಟರೆ ಆಮೇಲೆ ಸಾಲಗಾರನಿಗೆ ನೋಟೀಸು ಹೋಗುವುದಿಲ್ಲ. ಅವನು ನಿಶ್ಚಿಂತನಾಗಿ ಮಲಗಬಹುದು.

ಮಹಾಲಯ ಅಮಾವಾಸ್ಯೆ ಕಳೆದ ಮರುದಿನವೇ ನವರಾತ್ರಿ ಆರಂಭವಾಗುತ್ತದೆ. ಹದಿನೈದು ದಿನ ಪಿತೃಗಳಿಗೆ, ಅದರ ಬೆನ್ನಿಗೇ ಒಂಬತ್ತು ರಾತ್ರಿ ಜಗನ್ಮಾತೆಗೆ. ಪಿತೃಪಕ್ಷದಲ್ಲಿ ತಾಯಂದಿರಿಗೆಂದೇ ನವಮಿಯೊಂದು ಇದೆ, ನಿಜ. ಆದರೆ ಅದಕ್ಕೆ ಅವಿಧವಾ ನವಮಿಯೆಂದು ಹೆಸರು, ಗಂಡನಿರುವಾಗಲೇ ತೀರಿಕೊಂಡ ಮುತ್ತೈದೆಯರಿಗೆ ಅದು ಮೀಸಲು. ಒಬ್ಬಂಟಿಯಾಗಿ ದುಡಿದು ಮಕ್ಕಳನ್ನು ಬೆಳೆಸಿದ ತಾಯಿ, ಅದರಲ್ಲೂ ಇನ್ನೂ ಬದುಕಿರುವ ತಾಯಿ, ಈ ಇಪ್ಪತ್ತನಾಲ್ಕು ದಿನಗಳಲ್ಲಿ ಯಾವ ದಿನಕ್ಕೆ ಸೇರಿದವಳು? ದಸರೆಯ ಈ ಸಂಚಿಕೆಯ ಭಕ್ತಿವಿಭಾಗದಲ್ಲಿ ಅವಳಿಗೂ ಒಂದಿಷ್ಟು ಜಾಗ ಇರಲೆಂದು ಸಹೃದಯ ವಾಚಕರ ಮುಂದೆ ಈ ನಾಲ್ಕು ಮಾತುಗಳನ್ನಿಡುತ್ತಿದ್ದೇನೆ.

ನನ್ನ ಊರು ಕಾರ್ಕಳದ ಕಡೆಯ ಒಂದು ಹಳ್ಳಿ. ತಂದೆಯವರು 1983ರಲ್ಲಿ, ಆ ಕಾಲದ ಎಷ್ಟೋ ಜನ ಬಂದಂತೆ, ಹೋಟೆಲಿನ ಕೆಲಸವನ್ನು ಅರಸಿ ಬೊಂಬಾಯಿಗೆ ಬಂದರು. ಆಗ ನನಗೆ ಮೂರು ವರುಷ, ತಂಗಿ ತೊಟ್ಟಿಲಲ್ಲಿದ್ದಳು. ಮೊದಲ ವರುಷ ಮನಿಯಾರ್ಡರು ಬಂತು, ಎರಡನೆಯ ವರುಷ ಕಾಗದ ಮಾತ್ರ ಬಂತು, ಆಮೇಲೆ ಏನೂ ಬರಲಿಲ್ಲ. ಈ ಕಥೆಯನ್ನು ಬೆಳೆಸುವ ಇಚ್ಛೆ ನನಗಿಲ್ಲ; ಈ ಮಹಾನಗರದಲ್ಲಿ ನೆಲೆಸಿದ ನಮ್ಮವರಿಗೆ ಇಂತಹ ಹತ್ತು ಮನೆಗಳಾದರೂ ಗೊತ್ತಿರುತ್ತವೆ. ಅಮ್ಮ ಸುಮಂಗಲಿಯೂ ಅಲ್ಲದ ವಿಧವೆಯೂ ಅಲ್ಲದ ಸ್ಥಿತಿಯಲ್ಲಿ ಉಳಿದಳು. ಹಣೆಯ ಕುಂಕುಮವನ್ನು ಅಳಿಸಲಿಲ್ಲ. ಯಾರಾದರೂ ಕೇಳಿದರೆ, “ಬೊಂಬಾಯಿಯಲ್ಲಿದ್ದಾರೆ” ಎನ್ನುವಳು, ಅಷ್ಟೆ. ಅದು ಸುಳ್ಳೆಂದು ಹೇಳುವಂತೆಯೂ ಇರಲಿಲ್ಲ.

ಇಲ್ಲಿ ಒಂದು ಪ್ರಾಸಂಗಿಕ ಮಾತು. ನಮ್ಮ ಮನೆಮಾತು ತುಳು. ತುಳುವಿನಲ್ಲಿ ತಾಯಿಗೆ ಅಪ್ಪೆ, ತಂದೆಗೆ ಅಮ್ಮೆ ಎನ್ನುವುದು ಹಳೆಯ ಬಳಕೆ. ಘಟ್ಟದ ಮೇಲಿನ ಕನ್ನಡಿಗ ಮಿತ್ರರು ಇದನ್ನು ಕೇಳಿ ನಗುತ್ತಾರೆ, ನೀವು ಎಲ್ಲವನ್ನೂ ತಿರುವುಮುರುವು ಮಾಡಿದ್ದೀರಿ ಎನ್ನುತ್ತಾರೆ. ನಮ್ಮ ಮನೆಯ ಮಟ್ಟಿಗೆ ಭಾಷೆಯು ತಪ್ಪು ಮಾಡಲಿಲ್ಲವೆಂದೇ ನನ್ನ ಅಭಿಪ್ರಾಯ. ಇಲ್ಲಿ ಮಾತ್ರ ಸಾಹಿತ್ಯದ ರೂಢಿಯಂತೆ ಅಮ್ಮ ಎಂದೇ ಬರೆಯುತ್ತೇನೆ.

ಅಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದಳು. ದಕ್ಷಿಣ ಕನ್ನಡದಲ್ಲಿ ಬೆಳೆದವರಿಗೆ ಈ ಕೆಲಸವನ್ನು ವಿವರಿಸಬೇಕಾಗಿಲ್ಲ. ಮಿಕ್ಕವರಿಗಾಗಿ ಸ್ವಲ್ಪ ಹೇಳುತ್ತೇನೆ. ಬ್ರಾಂಚಿನಿಂದ ಎಲೆ, ತಂಬಾಕು, ನೂಲು ತೂಗಿ ಕೊಡುತ್ತಿದ್ದರು. ಎಲೆಯನ್ನು ನೀರಿನಲ್ಲಿ ನೆನೆಸಿ ಒದ್ದೆ ಗೋಣಿಯಲ್ಲಿ ಸುತ್ತಿಡಬೇಕು. ಹೆಚ್ಚು ನೆನೆದರೆ ಕೊಳೆಯುತ್ತದೆ, ಕಡಮೆ ನೆನೆದರೆ ಸುರುಳುವಾಗ ಸೀಳುತ್ತದೆ. ಮರುದಿನ ಎಲೆಯ ಮೇಲೆ ತಗಡಿನ ಅಳತೆಯನ್ನಿಟ್ಟು ಕತ್ತರಿಯಿಂದ ಕತ್ತರಿಸಬೇಕು. ಎಲೆಯ ನರ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ನೋಡಿ ಒಂದು ಎಲೆಯಿಂದ ಒಂದರ ಬದಲು ಎರಡು ತುಂಡು ತೆಗೆಯುವುದರಲ್ಲಿಯೇ ಸಂಸಾರದ ಲಾಭನಷ್ಟವಿತ್ತು. ಕೊಟ್ಟ ಎಲೆ ಲೆಕ್ಕಕ್ಕೆ ಸಾಲದೆ ಹೋದರೆ ಕೊರತೆಯ ಎಲೆಯನ್ನು ಕೈಯಿಂದ ಹಣ ತೆತ್ತು ತಂದು ಬೀಡಿಯ ಸಂಖ್ಯೆಯನ್ನು ತುಂಬಿಸಬೇಕಾಗಿತ್ತು. ಆಮೇಲೆ ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟಲು ಕುಳಿತರೆ ಕೈಗೆ ಕಣ್ಣು ಬೇಡ. ಚಿಟಿಕೆ ತಂಬಾಕು, ಒಂದು ಸುರುಳಿ, ತುದಿಯನ್ನು ಉಗುರಿನಿಂದ ಮಡಚಿ ನೂಲಿನ ಎರಡು ಸುತ್ತು. ಸಾವಿರಕ್ಕೆ ಇಷ್ಟೆಂದು ಕೂಲಿ. ನೆರೆಯ ಹುಡುಗಿಯರು ಸಂಜೆಯೊಳಗೆ ಸಾವಿರ ಮುಗಿಸುತ್ತಿದ್ದರು. ಅಮ್ಮನಿಗೆ ಬಾವಿಯ ನೀರು, ಒಲೆ, ಬಟ್ಟೆ, ಗದ್ದೆಯ ನಾಲ್ಕು ಕೆಲಸ ಎಲ್ಲ ಮುಗಿದ ಮೇಲೆ ಚಿಮಣಿ ದೀಪದ ಬೆಳಕಿನಲ್ಲಿ ಸಾವಿರ ಮುಗಿಯುತ್ತಿತ್ತು.

ಸಂಜೆ ಬ್ರಾಂಚಿಗೆ ಹೋಗುವಾಗ ನಾನೂ ಜೊತೆಗಿರುತ್ತಿದ್ದೆ. ಆಷಾಢದ ಮಳೆಯಲ್ಲಿ ಒಂದೇ ಕೊಡೆ. ಕೊಡೆ ಬೀಡಿಯ ಕಟ್ಟಿಗೆ, ನಾವಿಬ್ಬರೂ ಮಳೆಗೆ. ಅಲ್ಲಿ ಮೇಜಿನ ಆಚೆ ಕುಳಿತವರು ಕಟ್ಟುಗಳನ್ನು ಬಿಚ್ಚಿ ನೋಡಿ, ಸಡಿಲವೆಂದೋ ತುದಿ ಸರಿಯಿಲ್ಲವೆಂದೋ ಕೆಲವನ್ನು ಮುರಿದು ಬದಿಗೆ ಹಾಕುತ್ತಿದ್ದರು. ಮುರಿದುದಕ್ಕೆ ಕೂಲಿಯಿಲ್ಲ. ಅಮ್ಮ ಅವರ ಮುಖವನ್ನು ನೋಡುತ್ತಿರಲಿಲ್ಲ, ಬೆರಳುಗಳನ್ನು ನೋಡುತ್ತಿದ್ದಳು. ಎಷ್ಟು ಮುರಿದರೆಂದು ಅವರು ಪುಸ್ತಕದಲ್ಲಿ ಬರೆಯುವ ಮೊದಲೇ ಅವಳು ಎಣಿಸಿಯಾಗಿರುತ್ತಿತ್ತು. ನಾಲ್ಕನೆಯ ತರಗತಿ ಓದಿದವಳು. ಆದರೂ ಆ ಪುಸ್ತಕದಲ್ಲಿ ಒಂದು ಅಂಕಿ ತಪ್ಪಿದರೆ ಮೆಲ್ಲನೆ ಬೆರಳಿಟ್ಟು ತೋರಿಸುವಳು. ಲೆಕ್ಕ ತಪ್ಪದಿರುವುದು ಮರ್ಯಾದೆಯ ವಿಷಯವೆಂದು ನನಗೆ ಮೊದಲು ತಿಳಿದದ್ದು ಅಲ್ಲಿ. ಬ್ಯಾಂಕಿನ ತರಬೇತಿಯಲ್ಲಿ ಇದಕ್ಕಿಂತ ಹೆಚ್ಚಿನದನ್ನು ಯಾರೂ ನನಗೆ ಕಲಿಸಲಿಲ್ಲ.

ನೆರೆಮನೆಯಲ್ಲಿ ಒಂದು ರೇಡಿಯೋ ಇತ್ತು. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿ ನಮ್ಮ ಕಡೆಯ ಬೀಡಿ ಕಟ್ಟುವ ಹೆಂಗಸರಿಗೆ ಮಾಡಿದ ಉಪಕಾರ ದೊಡ್ಡದು. ಐದಾರು ಮನೆಯ ಹೆಂಗಸರು ಆ ಜಗಲಿಯಲ್ಲಿ ಗೆರಸೆ ಹಿಡಿದು ಕೂತು ತಾಳಮದ್ದಲೆ ಕೇಳುತ್ತಿದ್ದರು. ಕೃಷ್ಣಸಂಧಾನದಲ್ಲಿ ಕೌರವನ ಅರ್ಥಗಾರಿಕೆ ಕಾವೇರಿದ ಹೊತ್ತಿನಲ್ಲಿ ಕೈಗಳ ವೇಗವೂ ಏರುತ್ತಿತ್ತು. ನನಗೆ ಪುರಾಣವೆಂದರೆ ಇಂದಿಗೂ ತಂಬಾಕಿನ ವಾಸನೆ ಬೆರೆತದ್ದು.

ಇಷ್ಟು ಹೇಳಿದ ಮೇಲೆ ಮೂಲಪ್ರಶ್ನೆಗೆ ಬರಬೇಕು. ಇಂತಹ ತಾಯಿಗೆ ಕೃತಜ್ಞರಾಗಿರುವುದು ಎಂದರೇನು?

ನಮ್ಮ ಸಭೆಗಳಲ್ಲಿ, ಸಂಚಿಕೆಗಳಲ್ಲಿ ಇದಕ್ಕೆ ಸಿದ್ಧ ಉತ್ತರವೊಂದಿದೆ. ತಾಯಿ ತ್ಯಾಗಮಯಿ, ತಾಯಿ ಭೂದೇವಿ, ತಾಯಿ ಕಣ್ಣಿಗೆ ಕಾಣುವ ದೇವರು. ಇವೆಲ್ಲ ಸುಳ್ಳೆಂದು ನಾನೆನ್ನುವುದಿಲ್ಲ. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಗುರುವು ಶಿಷ್ಯನನ್ನು ಬೀಳ್ಕೊಡುವಾಗ ದೇವರೆಂದು ಕಾಣಬೇಕಾದವರಲ್ಲಿ ತಾಯಿಯನ್ನೇ ಮೊದಲು ಹೆಸರಿಸುತ್ತಾನೆ. ತಂದೆ, ಆಚಾರ್ಯ, ಅತಿಥಿಗಳು ಅನಂತರ ಬರುತ್ತಾರೆ. ಆದರೆ ತ್ಯಾಗವೆಂಬ ಮಾತಿನಲ್ಲಿ ಒಂದು ಅಪಾಯವಿದೆ. ತ್ಯಾಗವು ಹೃದಯದ ಗುಣ, ಅದಕ್ಕೆ ಗಂಟೆಯ ಲೆಕ್ಕವಿಲ್ಲ, ಕೂಲಿಯಿಲ್ಲ, ಕೌಶಲವೂ ಬೇಕಿಲ್ಲ. ದುಡಿಮೆ ಹಾಗಲ್ಲ. ದುಡಿಮೆಗೆ ಬುದ್ಧಿ ಬೇಕು, ಅಭ್ಯಾಸ ಬೇಕು, ಬೆನ್ನುನೋವನ್ನು ಸಹಿಸುವ ಶಕ್ತಿ ಬೇಕು, ಮತ್ತು ಅದಕ್ಕೊಂದು ಬೆಲೆಯಿದೆ. ಒಂದು ಎಲೆಯಿಂದ ಎರಡು ತುಂಡು ತೆಗೆಯುತ್ತಿದ್ದ ಅಮ್ಮನ ಕೈಯನ್ನು ತ್ಯಾಗದ ಕೈ ಎಂದು ಕರೆದರೆ ಆ ಕೈ ಏನು ಬಲ್ಲುದೆಂಬುದು ಮರೆಯಾಗಿಬಿಡುತ್ತದೆ. ತಾಯಿಯನ್ನು ದೇವಿಯೆಂದು ಕರೆಯುವುದು ಸುಲಭ. ಅವಳು ಕೆಲಸ ಬಲ್ಲವಳು, ದುಡಿದು ಗಳಿಸಿದವಳು, ಗಳಿಸಿದ್ದನ್ನು ಯೋಚಿಸಿ ವೆಚ್ಚ ಮಾಡಿದವಳು ಎಂದು ಒಪ್ಪಿಕೊಳ್ಳುವುದು ಅಷ್ಟು ಸುಲಭವಲ್ಲ. ಏಕೆಂದರೆ ಒಡನೆಯೇ, ಅವಳೊಬ್ಬಳೇ ಏಕೆ ಅಷ್ಟು ದುಡಿಯಬೇಕಾಯಿತು ಎಂಬ ಪ್ರಶ್ನೆ ಏಳುತ್ತದೆ. ದೇವಿಯನ್ನು ಯಾರೂ ಹಾಗೆ ಕೇಳುವುದಿಲ್ಲ.

ದೇವೀಮಾಹಾತ್ಮ್ಯದ ಐದನೆಯ ಅಧ್ಯಾಯದಲ್ಲಿ ದೇವತೆಗಳು ಮಾಡುವ ಸ್ತುತಿಯನ್ನು ನವರಾತ್ರಿಯಲ್ಲಿ ನಾವೆಲ್ಲ ಕೇಳುತ್ತೇವೆ. ದೇವಿಯು ಎಲ್ಲ ಪ್ರಾಣಿಗಳಲ್ಲಿ ತಾಯಿಯ ರೂಪದಲ್ಲಿದ್ದಾಳೆಂಬ ಮಾತನ್ನು ಕೇಳಿ ಕೈಮುಗಿಯುತ್ತೇವೆ. ಆದರೆ ಅದೇ ಸ್ತುತಿಯಲ್ಲಿ ದೇವಿಯು ಹಸಿವಿನ ರೂಪದಲ್ಲಿಯೂ ನಿದ್ರೆಯ ರೂಪದಲ್ಲಿಯೂ ಇದ್ದಾಳೆಂದು ಹೇಳಿದೆ. ತಾಯಿಯ ಹೆಸರನ್ನು ನೆನಪಿಟ್ಟುಕೊಂಡಷ್ಟು ನಾವು ಆ ಹಸಿವೆಯನ್ನೂ ನಿದ್ದೆಯನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಅಮ್ಮನಿಗೆ ಹಸಿವೆಯಾಗುತ್ತಿತ್ತು. ರಾತ್ರಿ ಹನ್ನೊಂದಕ್ಕೆ ನಿದ್ದೆ ಬಂದು ಕೈಯಲ್ಲಿದ್ದ ಬೀಡಿ ಜಾರುತ್ತಿತ್ತು. ಸ್ತುತಿಯನ್ನು ರಚಿಸಿದವರಿಗೆ ಇದೆಲ್ಲ ಗೊತ್ತಿದ್ದಂತಿದೆ.

ಹೊಗಳಿಕೆಗೂ ದಾಖಲೆಗೂ ನಡುವಿನ ಅಂತರ ನಮ್ಮಲ್ಲಿ ಹಳೆಯದು. ಮನುಸ್ಮೃತಿಯ ಎರಡನೆಯ ಅಧ್ಯಾಯವು ನೂರು ಆಚಾರ್ಯರಿಗೆ ಒಬ್ಬ ತಂದೆ ಸಮ, ಸಾವಿರ ತಂದೆಯರಿಗಿಂತ ಒಬ್ಬ ತಾಯಿ ಮಿಗಿಲು ಎನ್ನುತ್ತದೆ. ವಿದೇಶಿ ವಿನಿಮಯದ ಮೇಜಿನಲ್ಲಿ ಕುಳಿತಾಗಲೂ ಇಂತಹ ದರವನ್ನು ನಾನು ಕಂಡಿಲ್ಲ. ಅದೇ ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ ಹೆಣ್ಣು ಯಾವ ವಯಸ್ಸಿನಲ್ಲಿಯೂ ಸ್ವಾತಂತ್ರ್ಯಕ್ಕೆ ತಕ್ಕವಳಲ್ಲ ಎಂದಿದೆ. ಸಾವಿರ ಪಾಲು ಮಿಗಿಲಾದವಳ ಸಹಿ ಮಾತ್ರ ನಡೆಯದು. ಇದು ಪುರಾತನ ಕಾಲದ ಮಾತೆಂದು ನಗಬೇಕಾಗಿಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮವೂ ಮಗುವಿನ ಸಹಜ ಪಾಲಕ ತಂದೆ, ಅವನ ಅನಂತರ ತಾಯಿ ಎಂದೇ ಬರೆಯಿತು. ಅಪ್ರಾಪ್ತರ ಉಳಿತಾಯ ಖಾತೆ ಮತ್ತು ನಿಶ್ಚಿತ ಠೇವಣಿಗಳನ್ನು ತಾಯಿಯ ಪಾಲಕತ್ವದಲ್ಲಿ ತೆರೆಯಬಹುದೆಂದು ರಿಸರ್ವ್ ಬ್ಯಾಂಕು 1976ರಲ್ಲಿ ಬ್ಯಾಂಕುಗಳಿಗೆ ತಿಳಿಸಿತ್ತು. ಅಮ್ಮ ಮುಷ್ಟಿ ಮುಷ್ಟಿಯಾಗಿ ಕೂಡಿಸಿದ ಹಣಕ್ಕೆ ನನ್ನ ಹೆಸರಿನಲ್ಲಿ ಪಾಸ್‌ಬುಕ್ ಬಂದದ್ದು ಆ ಅನುಕೂಲದಿಂದಲೇ. ಆದರೂ ಕಾನೂನಿನ ಮೂಲವಾಕ್ಯ ಹಾಗೆಯೇ ಉಳಿದಿತ್ತು. ಲೇಖಕಿ ಗೀತಾ ಹರಿಹರನ್ ಅವರು 1984ರಲ್ಲಿ ತಮ್ಮ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡುಗಳಿಗಾಗಿ ಅರ್ಜಿ ಸಲ್ಲಿಸಿದಾಗ ತಂದೆಯ ಸಹಿ ಬೇಕೆಂಬ ಉತ್ತರ ಬಂತು. ಅವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1999ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟು, “ಅನಂತರ” ಎಂಬುದಕ್ಕೆ ತಂದೆ ಸತ್ತ ಮೇಲೆ ಎಂದಷ್ಟೇ ಅರ್ಥವಲ್ಲ, ತಂದೆ ಯಾವ ಕಾರಣಕ್ಕಾದರೂ ಇಲ್ಲದಾಗ ಎಂದೂ ಅರ್ಥ ಎಂದಿತು. ಬೊಂಬಾಯಿಯಲ್ಲಿದ್ದಾರೆ ಎಂಬ ಉತ್ತರವೊಂದನ್ನೇ ಹಿಡಿದು ಬದುಕಿದ ತಾಯಂದಿರಿಗೆ ಆ ಒಂದು ಶಬ್ದದ ಅರ್ಥ ಎಷ್ಟು ಮುಖ್ಯವೆಂಬುದನ್ನು ನಾನು ಬಲ್ಲೆ.

ಉಪನಿಷತ್ತಿನ ಋಷಿಗಳು ಈ ವಿಷಯದಲ್ಲಿ ಸ್ಮೃತಿಕಾರರಿಗಿಂತ ಉದಾರಿಗಳು. ಛಾಂದೋಗ್ಯದ ನಾಲ್ಕನೆಯ ಅಧ್ಯಾಯದ ಸತ್ಯಕಾಮನ ಕಥೆ ಎಲ್ಲರಿಗೂ ಗೊತ್ತು. ಗುರುಕುಲಕ್ಕೆ ಹೊರಟ ಹುಡುಗ ತನ್ನ ಗೋತ್ರ ಯಾವುದೆಂದು ತಾಯಿ ಜಬಾಲೆಯನ್ನು ಕೇಳುತ್ತಾನೆ. ಯೌವನದಲ್ಲಿ ಹಲವು ಕಡೆ ಪರಿಚಾರಿಕೆಯಾಗಿ ದುಡಿಯುತ್ತಿರುವಾಗ ನೀನು ಹುಟ್ಟಿದೆ, ಗೋತ್ರವನ್ನು ನಾನರಿಯೆ, ನಾನು ಜಬಾಲೆ, ನೀನು ಸತ್ಯಕಾಮ, ಆದ್ದರಿಂದ ಸತ್ಯಕಾಮ ಜಾಬಾಲನೆಂದೇ ಹೇಳಿಕೋ ಎನ್ನುತ್ತಾಳೆ. ಹುಡುಗ ಅದನ್ನು ಯಥಾವತ್ತಾಗಿ ಹಾರಿದ್ರುಮತ ಗೌತಮನ ಮುಂದೆ ಒಪ್ಪಿಸುತ್ತಾನೆ. ಸತ್ಯದಿಂದ ಕದಲದವನೆಂದು ಗುರು ಅವನನ್ನು ಸ್ವೀಕರಿಸುತ್ತಾನೆ. ಈ ಕಥೆಯನ್ನು ಹೇಳುವವರೆಲ್ಲ ಮಗನ ಸತ್ಯನಿಷ್ಠೆಯನ್ನು ಕೊಂಡಾಡುತ್ತಾರೆ. ಸತ್ಯವನ್ನು ಮೊದಲು ಆಡಿದವಳು ತಾಯಿ, ಅದರಿಂದ ಹೆಚ್ಚು ಕಳೆದುಕೊಳ್ಳಬೇಕಾಗಿದ್ದವಳೂ ಅವಳೇ. ಅವಳು ತನ್ನ ದುಡಿಮೆಯನ್ನೂ ಮುಚ್ಚಿಡಲಿಲ್ಲ. ತಾನು ಕೆಲಸದವಳಾಗಿದ್ದೆನೆಂದು ಮಗನ ಬಾಯಿಂದಲೇ ಗುರುವಿಗೆ ಹೇಳಿಸಿದಳು. ಗೌತಮನು ಕೊಟ್ಟ ನಾನೂರು ಬಡಕಲು ಹಸುಗಳನ್ನು ಸಾವಿರವಾಗುವವರೆಗೆ ಕಾಡಿನಲ್ಲಿ ಮೇಯಿಸಿಕೊಂಡಿದ್ದ ಹುಡುಗನಿಗೆ ಅಂತಹ ಶ್ರದ್ಧೆ ಎಲ್ಲಿಂದ ಬಂತು? ಕೆಲಸ ಮಾಡುವ ತಾಯಿಯನ್ನು ನೋಡಿ ಬೆಳೆದ ಮಗುವಿಗೆ ಅದನ್ನು ಬೇರೆಯಾಗಿ ಕಲಿಸಬೇಕಾಗಿರುವುದಿಲ್ಲ. ಮುಂದೆ ಅವನೇ ಆಚಾರ್ಯನಾದಾಗಲೂ ತಾಯಿಯ ಹೆಸರೇ ಅವನ ಹೆಸರಾಗಿ ಉಳಿಯಿತು.

ನಮ್ಮ ಅರ್ಜಿ ನಮೂನೆಗಳಿಗೆ ಜಬಾಲೆಯ ಉತ್ತರವನ್ನು ಬರೆಯಲು ಬಹುಕಾಲ ಜಾಗವಿರಲಿಲ್ಲ. 2016ರ ಡಿಸೆಂಬರಿನಲ್ಲಿ ಪಾಸ್‌ಪೋರ್ಟಿನ ಅರ್ಜಿಗೆ ತಂದೆ, ತಾಯಿ ಅಥವಾ ಪಾಲಕರಲ್ಲಿ ಒಬ್ಬರ ಹೆಸರು ಸಾಕೆಂದಾಯಿತು. 2018ರ ಡಿಸೆಂಬರಿನಿಂದ ಒಬ್ಬಂಟಿ ತಾಯಿಯ ಮಕ್ಕಳಿಗೆ ಪ್ಯಾನ್ ಕಾರ್ಡಿನ ಅರ್ಜಿಯಲ್ಲಿ ತಂದೆಯ ಹೆಸರು ಕಡ್ಡಾಯವಲ್ಲವೆಂದಾಯಿತು. ನಾವಿರುವ ಮಹಾರಾಷ್ಟ್ರದಲ್ಲಿ 2024ರ ಮೇ 1ರ ಅನಂತರ ಹುಟ್ಟಿದ ಮಕ್ಕಳ ಹೆಸರಿನ ಮುಂದೆ ಸರಕಾರಿ ಕಾಗದಪತ್ರಗಳಲ್ಲಿ ಮೊದಲು ತಾಯಿಯ ಹೆಸರು, ಆಮೇಲೆ ತಂದೆಯ ಹೆಸರು ಬರಬೇಕೆಂದು ರಾಜ್ಯಸರಕಾರ ನಿರ್ಣಯಿಸಿತು. ಇವು ಸಣ್ಣ ಸುಧಾರಣೆಗಳೆಂದು ಕೆಲವರು ಉಪೇಕ್ಷಿಸಬಹುದು. ಕೌಂಟರಿನ ಈಚೆ ಕುಳಿತು, ಪತಿಯ ಹೆಸರು ಎಂಬ ಜಾಗಕ್ಕೆ ಬಂದೊಡನೆ ಹೆಂಗಸೊಬ್ಬಳ ಲೇಖನಿ ನಿಂತುಬಿಡುವುದನ್ನು ಕಂಡವನಿಗೆ ಇವು ಸಣ್ಣವಲ್ಲ.

ವಾಚಕರಲ್ಲಿ ಒಬ್ಬರಾದರೂ ಇಷ್ಟರಲ್ಲಿ ಕೇಳಿರುತ್ತಾರೆ: ಬೀಡಿ ಒಳ್ಳೆಯ ವಸ್ತುವೇ? ಅಲ್ಲ. ಅದು ಸೇದುವವನ ಶ್ವಾಸಕೋಶವನ್ನು ಕೆಡಿಸುತ್ತದೆ. ಕಟ್ಟುವವರೂ ತಂಬಾಕಿನ ಧೂಳಿನಿಂದ ಕೆಮ್ಮುತ್ತಾರೆ. ನಮ್ಮ ಗಂಜಿ ಯಾರದೋ ಕೆಮ್ಮಿನಿಂದ ಬಂದದ್ದು ಎಂಬ ಸತ್ಯವನ್ನು ಭಕ್ತಿಯ ಹೊದಿಕೆಯಿಂದ ಮುಚ್ಚುವುದು ಸರಿಯಲ್ಲ. ವನಪರ್ವದಲ್ಲಿ ಕೌಶಿಕನೆಂಬ ತಪಸ್ವಿ ಧರ್ಮವನ್ನು ತಿಳಿಯಲು ಮಿಥಿಲೆಗೆ ಹೋದಾಗ ಅವನಿಗೆ ಗುರುವಾಗಿ ದೊರೆತವನು ಮಾಂಸ ಮಾರುವ ವ್ಯಾಧ. ಆ ವ್ಯಾಧನು ತನ್ನ ಕಸುಬನ್ನು ಪವಿತ್ರವೆಂದು ಸಾಧಿಸುವುದಿಲ್ಲ. ಅದು ಘೋರವಾದ ಕೆಲಸವೆಂದು ತಾನೇ ಒಪ್ಪುತ್ತಾನೆ. ಆಮೇಲೆ ತಪಸ್ವಿಯನ್ನು ಮನೆಯೊಳಕ್ಕೆ ಕರೆದೊಯ್ದು ಮುದಿ ತಾಯಿತಂದೆಗಳನ್ನು ತೋರಿಸಿ, ಇವರೇ ನನ್ನ ದೇವರು ಎನ್ನುತ್ತಾನೆ. ಕಸುಬನ್ನು ಆರಿಸಿಕೊಳ್ಳುವ ಅನುಕೂಲ ಎಲ್ಲರಿಗೂ ಇರುವುದಿಲ್ಲವೆಂಬುದನ್ನು ವ್ಯಾಸರು ಬಲ್ಲವರಾಗಿದ್ದರು. ಅಮ್ಮನಿಗೂ ಇದು ಗೊತ್ತಿತ್ತು. ತಂಗಿಯ ಕೈಗೆ ಗೆರಸೆಯನ್ನು ಅವಳು ಒಂದು ದಿನವೂ ಕೊಡಲಿಲ್ಲ. ಬೀಡಿ ಕಾರ್ಮಿಕರ ಮಕ್ಕಳಿಗೆ ಕಲ್ಯಾಣನಿಧಿಯಿಂದ ಬರುತ್ತಿದ್ದ ವಿದ್ಯಾರ್ಥಿವೇತನದ ಅರ್ಜಿಯನ್ನು ಮಾತ್ರ ಪ್ರತಿವರುಷವೂ ತಪ್ಪದೆ ತರಿಸಿ ತುಂಬಿಸುತ್ತಿದ್ದಳು. 1976ರ ಕಾಯಿದೆಯಿಂದ ಹುಟ್ಟಿದ ಆ ನಿಧಿಯ ಹಣದಿಂದಲೇ ನನ್ನ ಪುಸ್ತಕಗಳು ಬಂದವು.

ಕಾರ್ಮಿಕರು ಎಂಬ ಮಾತನ್ನು ಬಳಸಿದೆ. ಈ ಮಾತು ಅವಳಿಗೆ ಸುಮ್ಮನೆ ದೊರೆತದ್ದಲ್ಲ. ಮನೆಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸು ಕಾರ್ಮಿಕಳೋ, ಅಲ್ಲ ಬಿಡುವಿನ ವೇಳೆಯಲ್ಲಿ ಕೈಗೆಲಸ ಮಾಡುವ ಗೃಹಿಣಿಯೋ ಎಂಬುದು ವರುಷಗಟ್ಟಲೆ ವಿವಾದದಲ್ಲಿತ್ತು. 1966ರ ಬೀಡಿ ಕಾರ್ಮಿಕರ ಕಾಯಿದೆ ಅವಳನ್ನು ಒಳಗೊಂಡಿತು. 1977ರಲ್ಲಿ ಪ್ರಾವಿಡೆಂಟ್ ಫಂಡನ್ನು ಬೀಡಿ ಉದ್ಯಮಕ್ಕೆ ಅನ್ವಯಿಸಿದಾಗ ಮಾಲಿಕರು, ಇವರು ತಮ್ಮ ಮನೆಗಳಲ್ಲಿ ಕೆಲಸ ಮಾಡುವವರು, ಇವರ ಮೇಲೆ ನಮ್ಮ ಮೇಲ್ವಿಚಾರಣೆಯಿಲ್ಲ, ಆದ್ದರಿಂದ ಇವರು ನಮ್ಮ ನೌಕರರಲ್ಲ ಎಂದು ವಾದಿಸಿದರು. 1985ರಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿತು. ಕಾರಣವೇನು ಗೊತ್ತೆ? ಸರಿಯಿಲ್ಲದ ಬೀಡಿಯನ್ನು ತಿರಸ್ಕರಿಸುವ ಅಧಿಕಾರ ಮಾಲಿಕನಿಗಿದೆ. ಆ ಅಧಿಕಾರವೇ ಮೇಲ್ವಿಚಾರಣೆ ಎಂದು ನ್ಯಾಯಾಲಯ ಕಂಡಿತು. ಮೇಜಿನ ಆಚೆ ಮುರಿದು ಹಾಕಿದ ಬೀಡಿಗಳೇ ಅಮ್ಮನ ಪರವಾಗಿ ಸಾಕ್ಷಿ ನುಡಿದವು. ಪದವಿಯ ತರಗತಿಯಲ್ಲಿದ್ದಾಗ ಇದನ್ನು ಎಲ್ಲೋ ಓದಿ ಅವಳಿಗೆ ತಿಳಿಸಿದೆ. ಅವಳು ಬಹಳ ಹೊತ್ತು ನಕ್ಕಳು.

ಅಮ್ಮನಿಗೆ ಈಗ ಎಪ್ಪತ್ತು ದಾಟಿದೆ. ಊರಿನಲ್ಲಿಯೇ ಇದ್ದಾಳೆ, ನವರಾತ್ರಿಗೆ ಮೊಮ್ಮಕ್ಕಳನ್ನು ನೋಡಲು ಮುಂಬಯಿಗೆ ಬರುತ್ತಾಳೆ. ಆ ಪ್ರಾವಿಡೆಂಟ್ ಫಂಡಿನ ದೆಸೆಯಿಂದ ಅವಳಿಗೆ ಒಂದು ಪಿಂಚಣಿ ಬರುತ್ತದೆ. ತಿಂಗಳಿಗೆ ಸಾವಿರದ ಚಿಲ್ಲರೆ ರೂಪಾಯಿ. 2014ರ ಸೆಪ್ಟೆಂಬರಿನಿಂದ ಕನಿಷ್ಠ ಪಿಂಚಣಿಯನ್ನು ಸಾವಿರವೆಂದು ಗೊತ್ತುಪಡಿಸಿದರು. ನಾನು ಕಳಿಸುವ ಹಣ ಅದಕ್ಕಿಂತ ಹಲವು ಪಾಲು ಹೆಚ್ಚು. ಅದನ್ನು ಅವಳು ಬೇಡವೆನ್ನುವುದಿಲ್ಲ, ಆದರೆ ಮುಟ್ಟುವುದೂ ಅಪರೂಪ. ತನ್ನ ಔಷಧಿ, ದೇವಸ್ಥಾನದ ಕಾಣಿಕೆ, ಮೊಮ್ಮಕ್ಕಳ ತಿಂಡಿ, ಬಸ್ಸಿನ ಚಾರ್ಜು ಎಲ್ಲವೂ ಪಿಂಚಣಿಯಿಂದಲೇ ಆಗಬೇಕು. “ಅದು ನೀನು ಕೊಟ್ಟದ್ದು, ಇದು ನನ್ನದು” ಎನ್ನುತ್ತಾಳೆ. ಸ್ವರದಲ್ಲಿ ಕೋಪವಿಲ್ಲ, ಬರೇ ಲೆಕ್ಕ ಹೇಳುವ ಸ್ವರ.

ಈ ಮಾತನ್ನು ಕೇಳಿದಾಗಲೆಲ್ಲ ಜಗಲಿಯ ತಾಳಮದ್ದಲೆಯ ಕಾಲದಿಂದ ಪರಿಚಿತಳಾದ ಕುಂತಿ ನೆನಪಾಗುತ್ತಾಳೆ. ಪಾಂಡುವಿನ ಮರಣದ ಅನಂತರ ಐದು ಮಕ್ಕಳನ್ನು, ಅವರಲ್ಲಿ ಇಬ್ಬರು ತಾನು ಹೆತ್ತವರೂ ಅಲ್ಲ, ಹಗೆಗಳ ನಡುವೆ ಬೆಳೆಸಿದವಳು. ಮಕ್ಕಳು ಕಾಡಿಗೆ ಹೋದಾಗ ಹದಿಮೂರು ವರುಷ ವಿದುರನ ಮನೆಯಲ್ಲಿ ಕಾದವಳು. ಯುದ್ಧಕ್ಕೆ ಮೊದಲು ಕೃಷ್ಣನ ಮೂಲಕ ವಿದುಲೆಯ ಕಥೆಯನ್ನು ಹೇಳಿಕಳುಹಿಸಿ ಮಕ್ಕಳನ್ನು ಎಬ್ಬಿಸಿದವಳು. ಮಕ್ಕಳು ಗೆದ್ದರು. ಧರ್ಮರಾಯನ ಆಳ್ವಿಕೆಯ ಹದಿನೈದು ವರುಷಗಳಾದ ಮೇಲೆ, ಸುಖದಿಂದ ಇರಬಹುದಾದ ಕಾಲದಲ್ಲಿ, ಧೃತರಾಷ್ಟ್ರ ಗಾಂಧಾರಿಯರ ಜೊತೆ ಕಾಡಿಗೆ ಹೊರಟುಬಿಟ್ಟಳು. ರಾಜ್ಯ ಬೇಡವಾಗಿದ್ದರೆ ನಮ್ಮನ್ನು ಯುದ್ಧಕ್ಕೆ ಪ್ರೇರಿಸಿದ್ದೇಕೆ ಎಂದು ಮಕ್ಕಳು ಅಳುತ್ತ ಕೇಳಿದರು. ನೀವು ಪರರ ಬಾಗಿಲಿನಲ್ಲಿ ನಿಲ್ಲಬಾರದೆಂದು ಪ್ರೇರಿಸಿದೆ. ಮಕ್ಕಳು ಗೆದ್ದ ರಾಜ್ಯದ ಫಲವನ್ನು ಉಣ್ಣುವ ಆಸೆಯಿಂದಲ್ಲ ಎಂಬುದು ಅವಳ ಉತ್ತರದ ತಾತ್ಪರ್ಯ. ಹೋಗುವಾಗಲೂ ಸಹದೇವನನ್ನು ಚೆನ್ನಾಗಿ ನೋಡಿಕೋ, ಕರ್ಣನನ್ನು ಮರೆಯಬೇಡ ಎಂದು ಧರ್ಮರಾಯನಿಗೆ ಹೇಳುತ್ತಾಳೆ. ಇದನ್ನು ವೈರಾಗ್ಯವೆಂದು ವ್ಯಾಖ್ಯಾನಿಸುವವರಿದ್ದಾರೆ. ನನಗೆ ಇದರಲ್ಲಿ ಸ್ವಾಭಿಮಾನವೂ ಕಾಣುತ್ತದೆ. ಸಾಲ ತೀರಿಸುತ್ತೇವೆಂದು ಮಕ್ಕಳು ಮುಂದೆ ಬಂದಾಗ ತಾಯಿಯು, ನಾನು ಸಾಲ ಕೊಟ್ಟವಳಲ್ಲ ಎಂದು ಖಾತೆಯನ್ನೇ ಮುಚ್ಚುತ್ತಾಳೆ. ಹಾಗಾದರೆ ಮಗನಿಗೆ ಉಳಿಯುವ ಕರ್ತವ್ಯವೇನು? ಅವಳ ದುಡಿಮೆಯ ಹಣವನ್ನು ಅವಳದೆಂದು ಬಿಟ್ಟುಕೊಡುವುದು, ಅದು ಅವಳಿಗೆ ಸಲ್ಲುವಂತೆ ನೋಡಿಕೊಳ್ಳುವುದು. ನನಗೆ ತೋಚಿದ್ದು ಇಷ್ಟೇ. ಸಾಲ ತೀರಿಸುವುದಕ್ಕಿಂತ ಇದು ಚಿಕ್ಕದಾಗಿ ಕಾಣಬಹುದು, ಆದರೆ ಮಾಡಹೊರಟರೆ ಚಿಕ್ಕದಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಪಿಂಚಣಿದಾರರು ವರುಷಕ್ಕೊಮ್ಮೆ ತಾವು ಬದುಕಿರುವುದಕ್ಕೆ ಪ್ರಮಾಣ ಒದಗಿಸಬೇಕು. 2014ರ ನವೆಂಬರಿನಲ್ಲಿ ಬಂದ ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ ಯಂತ್ರದ ಮೇಲೆ ಬೆರಳಿಟ್ಟರೆ ಸಾಕು. ಅಮ್ಮನ ಬೆರಳನ್ನು ಯಂತ್ರ ಗುರುತಿಸಲಿಲ್ಲ. ಮೂವತ್ತು ವರುಷ ಎಲೆ ಸುರುಳಿ ನೂಲು ಎಳೆದ ಹೆಬ್ಬೆರಳು ಮತ್ತು ತೋರುಬೆರಳುಗಳಲ್ಲಿ ಗೆರೆಯೇ ಉಳಿದಿಲ್ಲ. ಬಲಗೈ ಆಯಿತು, ಎಡಗೈ ಆಯಿತು, ಬಟ್ಟೆಯಿಂದ ಒರಸಿದ್ದಾಯಿತು. ಕೊನೆಗೆ ಬೀಡಿ ಕಟ್ಟುವಾಗ ಅಷ್ಟಾಗಿ ಕೆಲಸವಿಲ್ಲದ ಉಂಗುರಬೆರಳು ಒಪ್ಪಿಗೆಯಾಯಿತು. ಅಂದಿನಿಂದ ನಮ್ಮ ಶಾಖೆಯಲ್ಲಿ ನವೆಂಬರಿನ ಸಾಲಿನಲ್ಲಿ ನಿಲ್ಲುವ ಮುದುಕಿಯರಿಗೆ ನಾನು ಮೊದಲೇ ಉಂಗುರಬೆರಳನ್ನು ಇಡಲು ಹೇಳುತ್ತೇನೆ. ಅಗಸಗಿತ್ತಿ, ಪಾತ್ರೆ ತಿಕ್ಕಿದವಳು, ಹಪ್ಪಳ ಲಟ್ಟಿಸಿದವಳು, ಎಲ್ಲರದೂ ಬಹುಮಟ್ಟಿಗೆ ಅದೇ ಕಥೆ. ಈಗ ಮುಖವನ್ನು ನೋಡಿ ಗುರುತಿಸುವ ವ್ಯವಸ್ಥೆಯೂ ಬಂದಿದೆ. ಒಳ್ಳೆಯದಾಯಿತು.

ಮಹಾನವಮಿಯ ಆಯುಧಪೂಜೆಗೆ ನಮ್ಮ ಊರಿನ ಮನೆಯಲ್ಲಿ ಗೆರಸೆ, ಕತ್ತರಿ, ತಗಡಿನ ಅಳತೆಗಳನ್ನು ತೊಳೆದು ದೇವರ ಪಟದ ಮುಂದಿಟ್ಟು ದಾಸವಾಳದ ಹೂವನ್ನು ಮುಡಿಸುತ್ತಿದ್ದೆವು. ವರುಷದಲ್ಲಿ ಅಮ್ಮ ಬೀಡಿ ಕಟ್ಟದ ದಿನಗಳಲ್ಲಿ ಅದೊಂದು. ಆ ಕತ್ತರಿ ಈಗ ಮುಂಬಯಿಯ ನಮ್ಮ ಮನೆಯಲ್ಲಿದೆ, ಖಂಡೇನವಮಿಯ ದಿನ ಮಕ್ಕಳ ಲ್ಯಾಪ್‌ಟಾಪಿನ ಪಕ್ಕದಲ್ಲಿ ಕೂರುತ್ತದೆ. ಕಳೆದ ವಿಜಯದಶಮಿಯಂದು ಮಗಳು ಇಲ್ಲಿಯ ಪದ್ಧತಿಯಂತೆ ಆಪಟಾ ಎಲೆಗಳನ್ನು ತಂದು, ಬಂಗಾರವೆಂದು ಹೇಳಿ ಅಜ್ಜಿಯ ಕೈಗಿಟ್ಟು ನಮಸ್ಕರಿಸಿದಳು. ಬೀಡಿಗೆ ಮುಖ್ಯವಾದ ಎಲೆ ತೆಂದುವಿನದು, ಕೆಲವು ಕಡೆ ಈ ಆಪಟಾ ಎಲೆಯನ್ನೂ ಬಳಸುವುದುಂಟು. ಅಮ್ಮನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಅವಳು ಮೊಮ್ಮಗಳ ತಲೆಯ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈಯಲ್ಲಿ ಎಲೆಯನ್ನು ಹಿಡಿದು ಬೆಳಕಿಗೆ ಎತ್ತಿ ನೋಡಿದಳು, ಹೆಬ್ಬೆರಳಿನಿಂದ ನರವನ್ನು ಒತ್ತಿದಳು, ಮತ್ತು ಇದನ್ನು ಎರಡು ತಾಸು ನೆನೆಸಿದರೆ ಸಾಕು, ಎರಡು ತುಂಡು ಬರುತ್ತದೆ ಎಂದಳು.